ರಾತ್ರಿ ಪಾಳಿಗೆ ಎಂಥ ರಿಫ್ಲೆಕ್ಟರ್ ಜಾಕೆಟ್ ಬೇಕು? ನಮಗೆ ಎಲ್ಲರಿಗೂ ಒಂದೇ ಕೊಟ್ಟಿದ್ದಾರೆ

ಅಳತೆಗೋಲು

ನಾನು ಸರ್ವೇ ಕೆಲಸದವನು. ದ್ವಿಪಥ ಹೆದ್ದಾರಿಯೊಂದನ್ನು ಅಗಲ ಮಾಡುವ ಕಾಮಗಾರಿಯಲ್ಲಿದ್ದೇನೆ. ಒಂದು ಬದಿಯಲ್ಲಿ ನಮ್ಮ ಕೆಲಸ ನಡೆಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ವಾಹನಗಳು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಮುಂದಿನ ವಾರದಿಂದ ಲೆವೆಲ್ ತೆಗೆಯುವುದು, ಅಂದರೆ ರಸ್ತೆಯ ಎತ್ತರ ತಗ್ಗು ಅಳೆಯುವುದು, ರಾತ್ರಿ ಪಾಳಿಗೆ ಬರುತ್ತಿದೆ.

ಗುತ್ತಿಗೆದಾರರು ಎಲ್ಲರಿಗೂ ತೋಳಿಲ್ಲದ ಹಸಿರು ಬಲೆ ಜಾಕೆಟ್ ಹಂಚಿದ್ದಾರೆ. ಎದೆಯ ಸುತ್ತ ಎರಡು ಬೆಳ್ಳಿ ಪಟ್ಟಿಗಳಿವೆ. ರೋಲರ್ ಓಡಿಸುವವನಿಗೂ ಅದೇ, ಬಾವುಟ ಹಿಡಿಯುವವನಿಗೂ ಅದೇ, ನನಗೂ ಅದೇ. ರಾತ್ರಿಗೆ ಇದು ಸಾಕೇ ಎಂದು ಕೇಳಿದ್ದಕ್ಕೆ, "ರೇಡಿಯಂ ಇದೆಯಲ್ಲ, ಮತ್ತೇನು ಬೇಕು?" ಎಂಬ ಉತ್ತರ ಬಂತು. ನನ್ನ ಸಹಾಯಕ ಸ್ಟಾಫ್ (ಎತ್ತರ ಓದುವ ಅಳತೆಯ ಕೋಲು) ಹಿಡಿದು ರಸ್ತೆಯ ಅಂಚಿನಲ್ಲಿ ನಿಲ್ಲುತ್ತಾನೆ, ಬಹುಪಾಲು ಸಮಯ ವಾಹನಗಳಿಗೆ ಬೆನ್ನು ಹಾಕಿ. ಅವನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಇದಕ್ಕೆಲ್ಲ ನಿಯಮ ಎಂಬುದು ಇದೆಯೇ, ಅಥವಾ ಕೊಟ್ಟದ್ದನ್ನು ತೊಟ್ಟುಕೊಳ್ಳುವುದೇ?

ಮೂರನೇ ಪಾಳಿ

ನಿಯಮ ಇದೆ. ಮೊದಲು ಜಾಕೆಟ್ಟಿನ ಒಳಗೆ, ಕುತ್ತಿಗೆಯ ಹತ್ತಿರ ಹೊಲಿದ ಚೀಟಿಯನ್ನು ನೋಡಿ. ಜಾಕೆಟ್ಟಿನ ಒಂದು ಸಣ್ಣ ಚಿತ್ರ, ಅದರ ಪಕ್ಕದಲ್ಲಿ 1, 2 ಅಥವಾ 3 ಎಂಬ ಅಂಕಿ ಇರಬೇಕು. ಅದೇ ದರ್ಜೆ. ಚೀಟಿಯೇ ಇಲ್ಲದಿದ್ದರೆ ಅದು ಬರೀ ಬಣ್ಣದ ಅಂಗಿ, ಅಷ್ಟೇ.

ಐಎಸ್‌ಒ 20471 ಎಂಬ ಅಂತರರಾಷ್ಟ್ರೀಯ ಮಾನದಂಡ 2013ರಲ್ಲಿ ಬಂತು. ಯುರೋಪಿನಲ್ಲಿ ಅದಕ್ಕೂ ಮೊದಲು ಇಎನ್ 471 ಇತ್ತು. ಹೊಳೆಯುವ ಬಣ್ಣದ ಬಟ್ಟೆ ಎಷ್ಟು, ಬೆಳಕನ್ನು ಹಿಂದಿರುಗಿಸುವ ಪಟ್ಟಿ ಎಷ್ಟು ಎಂಬುದನ್ನು ಅದು ಚದರ ಮೀಟರಿನಲ್ಲಿ ಹೇಳುತ್ತದೆ. ದರ್ಜೆ 1ಕ್ಕೆ ಬಣ್ಣದ ಬಟ್ಟೆ 0.14, ಪಟ್ಟಿ 0.10. ದರ್ಜೆ 2ಕ್ಕೆ 0.50 ಮತ್ತು 0.13. ದರ್ಜೆ 3ಕ್ಕೆ 0.80 ಮತ್ತು 0.20. ಪಟ್ಟಿಯ ಅಗಲ 50 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

ನಿಮಗೆ ಮುಖ್ಯವಾದದ್ದು ವೇಗದ ಲೆಕ್ಕ. ಅದೇ ಮಾನದಂಡದ ಅನುಬಂಧದಲ್ಲಿ ಪಕ್ಕದ ವಾಹನಗಳ ವೇಗವನ್ನು ನೋಡಿ ದರ್ಜೆಯನ್ನು ಆರಿಸುವ ಮಾರ್ಗದರ್ಶನ ಇದೆ: ಗಂಟೆಗೆ 30 ಕಿಲೋಮೀಟರ್‌ವರೆಗೆ ದರ್ಜೆ 1, 60ರವರೆಗೆ ದರ್ಜೆ 2, ಅದನ್ನು ದಾಟಿದರೆ ದರ್ಜೆ 3. ನಿಮ್ಮದು 80. ತೋಳಿಲ್ಲದ ಜಾಕೆಟ್ ಒಂದೇ ತೊಟ್ಟು ಯಾರೂ ದರ್ಜೆ 3 ಮುಟ್ಟಲಾರರು. ಪಟ್ಟಿ ಇರುವ ತೋಳಾದರೂ ಬೇಕು, ಪಟ್ಟಿ ಇರುವ ಉದ್ದ ಪ್ಯಾಂಟಾದರೂ ಬೇಕು.

ಹಳೆ ಡಾಂಬರು

ಮೂವತ್ತು ವರ್ಷ ಡಾಂಬರು ಹಾಕಿಸಿದವನು ಹೇಳುತ್ತೇನೆ, ಕೇಳಿ. ಜಾಕೆಟ್ ಗುರಾಣಿಯಲ್ಲ. ಕುಡಿದು ಬರುವವನಿಗೆ, ನಿದ್ದೆಗಣ್ಣಿನಲ್ಲಿ ಬರುವವನಿಗೆ, ಮೊಬೈಲ್ ನೋಡುತ್ತ ಬರುವವನಿಗೆ ದರ್ಜೆ 3 ಆದರೇನು, 30 ಆದರೇನು? ನಾನು ಕಂಡ ಮೇಲಧಿಕಾರಿಗಳಲ್ಲಿ ಅರ್ಧದಷ್ಟು ಮಂದಿ ಜಾಕೆಟ್ ಹಂಚಿ, ಸಹಿ ಹಾಕಿಸಿಕೊಂಡು, ಕರ್ತವ್ಯ ಮುಗಿಯಿತು ಎಂದು ಕೈ ತೊಳೆದುಕೊಂಡವರು. ಕೋನ್ ಎಷ್ಟು ದೂರದಿಂದ ಶುರುವಾಗಬೇಕು, ನಡುವೆ ಖಾಲಿ ಜಾಗ ಎಷ್ಟು ಬಿಡಬೇಕು, ತಡೆಯಾಗಿ ಒಂದು ಲಾರಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೇಳಿದರೆ ಆಕಾಶ ನೋಡುತ್ತಾರೆ.

ಮೂರನೇ ಪಾಳಿ

ಅಣ್ಣ, ನೀವು ಹೇಳುವುದು ನಿಜವೇ. ಸುರಕ್ಷತೆಯ ಯಾವ ಪಾಠದಲ್ಲೂ ಮೈಮೇಲೆ ತೊಡುವ ವಸ್ತುವಿಗೆ ಕೊನೆಯ ಸಾಲು. ಅಪಾಯವನ್ನೇ ತೆಗೆಯುವುದು, ನಡುವೆ ತಡೆ ಕಟ್ಟುವುದು, ಸಂಚಾರವನ್ನು ಬೇರೆಡೆ ತಿರುಗಿಸುವುದು, ಇವೆಲ್ಲ ಅದಕ್ಕಿಂತ ಮೊದಲು ಬರುತ್ತವೆ. ಆದರೆ ಈ ಹುಡುಗ ಕೇಳಿದ್ದು ಜಾಕೆಟ್ಟಿನ ಬಗ್ಗೆ. ಸರ್ವೇಯರ್ ಕೋನ್‌ಗಳ ಒಳಗೇ ಇರುವುದಿಲ್ಲ ಎಂಬುದು ನಿಮಗೂ ಗೊತ್ತು. ಅವನ ಕೆಲಸವೇ ಅಂಚಿನಲ್ಲಿ, ಕೆಲವೊಮ್ಮೆ ಅಂಚಿನಿಂದಲೂ ಆಚೆ.

ಬೆಳಕಿನ ಪಾಠ

ಭೌತಶಾಸ್ತ್ರ ಕಲಿಸುವ ನನಗೆ "ರೇಡಿಯಂ" ಎಂಬ ಮಾತು ಕಂಡರೆ ಸುಮ್ಮನಿರಲು ಆಗುವುದಿಲ್ಲ, ಕ್ಷಮಿಸಿ. ಆ ಪಟ್ಟಿಯಲ್ಲಿ ರೇಡಿಯಂ ಇಲ್ಲ. ಅದು ಬೆಳಕನ್ನು ಕೂಡಿಡುವುದಿಲ್ಲ, ತಾನಾಗಿ ಮಿನುಗುವುದೂ ಇಲ್ಲ. ಈ ಹೆಸರಿನಿಂದಲೇ ಅರ್ಧ ತಪ್ಪು ತಿಳಿವಳಿಕೆ ಹುಟ್ಟಿದೆ: "ರೇಡಿಯಂ ಇದೆ, ಕತ್ತಲಲ್ಲಿ ತಾನೇ ಹೊಳೆಯುತ್ತದೆ."

ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ಎರಡಕ್ಕೂ ಬೇರೆ ಬೇರೆ ಹೊತ್ತಿನ ಕೆಲಸ. ಕಣ್ಣಿಗೆ ರಾಚುವ ಹಳದಿ ಅಥವಾ ಕಿತ್ತಳೆ ಬಟ್ಟೆ ಹಗಲಿನದು. ಅದರಲ್ಲಿರುವ ಬಣ್ಣ ಬಿಸಿಲಿನ ನೇರಳಾತೀತ ಮತ್ತು ನೀಲಿ ಕಿರಣಗಳನ್ನು ಹೀರಿ, ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣವಾಗಿ ಹೊರಬಿಡುತ್ತದೆ. ಹಾಗಾಗಿ ಮೋಡ ಕವಿದಾಗ, ಮುಸ್ಸಂಜೆಯಲ್ಲಿ ಸುತ್ತಲಿನ ಎಲ್ಲ ಬಣ್ಣವೂ ಮಂಕಾದಾಗ ಅದು ಇನ್ನೂ ಎದ್ದು ಕಾಣುತ್ತದೆ. ಆದರೆ ರಾತ್ರಿ? ವಾಹನದ ದೀಪದಲ್ಲಿ ನೇರಳಾತೀತ ಕಿರಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಳದಿ ಸೋಡಿಯಂ ಬೀದಿದೀಪದ ಕೆಳಗಂತೂ ಈ ಬಟ್ಟೆ ಸಾಮಾನ್ಯ ಬಟ್ಟೆಯೇ.

ರಾತ್ರಿ ದುಡಿಯುವುದು ಬೆಳ್ಳಿ ಪಟ್ಟಿ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಅಥವಾ ಸಣ್ಣ ಸಣ್ಣ ಪಟ್ಟಕಗಳು ಇರುತ್ತವೆ. ಕನ್ನಡಿಯಂತೆ ಬೆಳಕನ್ನು ಎತ್ತಲೋ ಎರಚದೆ, ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತವೆ. ಚಾಲಕನ ಕಣ್ಣು ಅವನ ದೀಪದ ಹತ್ತಿರವೇ ಇರುವುದರಿಂದ ಅವನಿಗೆ ಪಟ್ಟಿ ಬೆಂಕಿಯಂತೆ ಕಾಣುತ್ತದೆ. ಪಕ್ಕದಲ್ಲಿ ನಿಂತ ನಿಮಗೆ ಅದು ಬೂದಿ ಬಣ್ಣದ ಚಿಂದಿ.

ಗುತ್ತಿಗೆದಾರರ ಮಾತಿನ ದೋಷ ಇಲ್ಲಿದೆ. ದೀಪ ಬೀಳದ ಕಡೆ ಪಟ್ಟಿಗೆ ಬೆಲೆಯಿಲ್ಲ. ತಿರುವಿನಲ್ಲಿ, ಏರಿನ ಆಚೆ ಬದಿಯಲ್ಲಿ, ದೀಪವಿಲ್ಲದೆ ಹಿಂದಕ್ಕೆ ಬರುವ ಟಿಪ್ಪರಿನ ಹಿಂದೆ ನಿಂತವನು ಯಾವ ದರ್ಜೆ ತೊಟ್ಟರೂ ಕತ್ತಲಲ್ಲೇ ಇದ್ದಾನೆ.

ಸ್ಟೀರಿಂಗ್ ಹಿಂದೆ

ನಾನು ಆಚೆ ಕಡೆಯವನು, ಲಾರಿ ಚಾಲಕ. ನಿಮ್ಮ ಕಾಮಗಾರಿಗಳ ಪಕ್ಕದಲ್ಲಿ ರಾತ್ರಿಯಿಡೀ ಹಾದುಹೋಗುತ್ತೇನೆ. ನನಗೆ ಏನು ಕಾಣುತ್ತದೆ ಎಂದು ಹೇಳುತ್ತೇನೆ.

80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೇನೆ. ಕಂಡದ್ದು ಮನುಷ್ಯ ಎಂದು ತಿಳಿದು ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಹೋಯಿತು. ಅದಾದ ಮೇಲೆ ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿರುವ ಕಾರಿಗೇ ನಿಲ್ಲಲು ಇನ್ನೂ 40 ಮೀಟರ್ ಬೇಕು. ಭಾರ ತುಂಬಿದ ಲಾರಿಗೆ ಅದಕ್ಕಿಂತ ಹೆಚ್ಚು. ಕೆಳಗೆ ಇಳಿಸಿದ ದೀಪದಲ್ಲಿ ಕಪ್ಪು ಬಟ್ಟೆಯವನು ಕಾಣುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಡಾಂಬರು ಅಣ್ಣನ ಮಾತಿಗೆ ನನ್ನ ಉತ್ತರ ಇದು: ಜಾಕೆಟ್ ಗುರಾಣಿಯಲ್ಲ, ನನಗೆ ಕೊಡುವ ಸಮಯ. ಕುಡಿದವನಿಗೆ ಸಮಯ ಕೊಟ್ಟರೂ ಪ್ರಯೋಜನವಿಲ್ಲ, ಒಪ್ಪಿದೆ. ಉಳಿದವರಿಗೆ ಇದೆ.

ಇನ್ನೊಂದು ದೂರು. ಎದೆಯ ಪಟ್ಟಿ ಒಂದೇ ಕಂಡರೆ ಅದು ಕೋನೋ, ಬ್ಯಾರಿಕೇಡೋ, ಕಂಬಕ್ಕೆ ಸುತ್ತಿದ ಟೇಪೋ ಗೊತ್ತಾಗುವುದಿಲ್ಲ. ಕಾಮಗಾರಿ ಜಾಗದಲ್ಲಿ ಹೊಳೆಯುವ ಪಟ್ಟಿಗೆ ಬರವೇ? ಕಾಲು ಅಲ್ಲಾಡಿದಾಗ ಮಾತ್ರ "ಅಯ್ಯೋ, ಮನುಷ್ಯ" ಎನಿಸುತ್ತದೆ.

ಬೆಳಕಿನ ಪಾಠ

ಈಗ ನೀವು ಹೇಳಿದ್ದು ಪ್ರಯೋಗಶಾಲೆಯಲ್ಲೂ ಕಂಡ ಸಂಗತಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕತ್ತಲಲ್ಲಿ ನಡೆಯುವವರ ಕೀಲುಗಳ ಮೇಲೆ ಮಾತ್ರ ಬೆಳಕಿನ ಚುಕ್ಕಿಗಳಿದ್ದವು. ನಿಂತಾಗ ಅವು ಅರ್ಥವಿಲ್ಲದ ಚುಕ್ಕಿಗಳು. ಹೆಜ್ಜೆ ಹಾಕಿದ ಕೂಡಲೇ ನೋಡುವವರಿಗೆ ಅದು ಮನುಷ್ಯ ಎಂದು ತಿಳಿಯುತ್ತಿತ್ತು. ಮೊಣಕಾಲು, ಹರಡು, ಮೊಣಕೈ, ಮಣಿಕಟ್ಟು, ಇವುಗಳ ಚಲನೆಯನ್ನು ಗುರುತಿಸುವುದರಲ್ಲಿ ನಮ್ಮ ಮೆದುಳು ಬಹಳ ಚುರುಕು. ಮುಂದೆ ರಾತ್ರಿ ರಸ್ತೆಯಲ್ಲಿ ನಡೆದ ಪ್ರಯೋಗಗಳೂ ಇದನ್ನೇ ತೋರಿಸಿದವು: ಅಷ್ಟೇ ಪಟ್ಟಿಯನ್ನು ಎದೆಯ ಮೇಲೆ ಹಾಕುವುದಕ್ಕಿಂತ ಕೈಕಾಲುಗಳಿಗೂ ಹಂಚಿದರೆ ಚಾಲಕ ಹೆಚ್ಚು ದೂರದಿಂದಲೇ ಮನುಷ್ಯನನ್ನು ಗುರುತಿಸುತ್ತಾನೆ. ದರ್ಜೆ 3ಕ್ಕೆ ತೋಳು ಅಥವಾ ಪ್ಯಾಂಟ್ ಬೇಕು ಎಂಬುದನ್ನು ಬರೀ ಬಟ್ಟೆಯ ಲೆಕ್ಕವೆಂದು ತಿಳಿಯಬೇಡಿ.

ಲಾರಿಯವರಿಗೆ ಇನ್ನೊಂದು ಅನ್ಯಾಯವಿದೆ. ನಿಮ್ಮ ಆಸನ ಎತ್ತರ. ಕಣ್ಣಿಗೂ ದೀಪಕ್ಕೂ ಇರುವ ಅಂತರ ಕಾರಿನವನಿಗಿಂತ ಬಹಳ ಹೆಚ್ಚು. ಬೆಳಕು ದೀಪದ ಕಡೆಗೇ ಹಿಂದಿರುಗುವುದರಿಂದ ಅದೇ ಪಟ್ಟಿ ಅದೇ ದೂರದಲ್ಲಿ ನಿಮಗೆ ಕಾರಿನವನಿಗಿಂತ ಮಂಕಾಗಿ ಕಾಣುತ್ತದೆ.

ಸ್ಟೀರಿಂಗ್ ಹಿಂದೆ

ಇಷ್ಟು ವರ್ಷ ನನ್ನ ಕಣ್ಣೇ ಮಂದವಾಯಿತು ಎಂದುಕೊಂಡಿದ್ದೆ! ಹಾಗೆಯೇ ಒಂದು ಬೇಡಿಕೆ: ದೀಪದ ಗೋಪುರಗಳನ್ನು ದಯವಿಟ್ಟು ನಮ್ಮ ಮುಖಕ್ಕೆ ತಿರುಗಿಸಬೇಡಿ. ಆ ಬೆಳಕು ಕಣ್ಣಿಗೆ ಹೊಡೆದರೆ ಅದರ ಮುಂದೆ ನಿಂತವನ ಜಾಕೆಟ್ಟೂ ಕಾಣುವುದಿಲ್ಲ, ಅವನೂ ಕಾಣುವುದಿಲ್ಲ.

ಕಡತದ ಹುಳು

ಕಾನೂನಿನ ಮಾತು ಬಂದದ್ದರಿಂದ ನಾನೂ ಬಂದೆ. ಮಾನದಂಡ ಬೇರೆ, ಕಡ್ಡಾಯ ಬೇರೆ. ಐಎಸ್‌ಒ 20471 ಬಟ್ಟೆ ಹೇಗಿರಬೇಕು ಎಂದು ಹೇಳುತ್ತದೆ. ಅದನ್ನು ತೊಡಲೇಬೇಕು ಎಂದು ಹೇಳುವುದು ಆಯಾ ದೇಶದ ಕಾನೂನು ಅಥವಾ ನಿಮ್ಮ ಗುತ್ತಿಗೆ ಒಪ್ಪಂದ.

ಕಡ್ಡಾಯ ಹೇಗೆ ಬೆಳೆಯಿತು ಎಂಬುದಕ್ಕೆ ಅಮೆರಿಕದ ಉದಾಹರಣೆ ಚೆನ್ನಾಗಿದೆ. ಅಲ್ಲಿನ ರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಆನ್ಸಿಯ 107ನೇ ಮಾನದಂಡ ಬಂದದ್ದು 1999ರಲ್ಲಿ. ಆದರೆ ಕೇಂದ್ರದ ಹಣ ಪಡೆಯುವ ಹೆದ್ದಾರಿಗಳಲ್ಲಿ ಕೆಲಸ ಮಾಡುವವರೆಲ್ಲ ದರ್ಜೆ 2 ಅಥವಾ 3 ತೊಡಲೇಬೇಕು ಎಂಬ ನಿಯಮ ಜಾರಿಯಾದದ್ದು 2008ರ ನವೆಂಬರ್ 24ರಂದು. 2009ರ ಸಂಚಾರ ನಿಯಂತ್ರಣ ಕೈಪಿಡಿ ಅದನ್ನು ಎಲ್ಲ ಸಾರ್ವಜನಿಕ ರಸ್ತೆಗಳಿಗೂ ವಿಸ್ತರಿಸಿತು. ಆ ನಿಯಮದಲ್ಲಿ "ಕೆಲಸಗಾರ" ಎಂದರೆ ಗುದ್ದಲಿ ಹಿಡಿದವನು ಮಾತ್ರವಲ್ಲ. ಸರ್ವೇಯವರು, ಅಪಘಾತದ ಸ್ಥಳಕ್ಕೆ ಬರುವವರು, ಸಂಚಾರ ನಿಯಂತ್ರಿಸುವ ಪೊಲೀಸರು ಎಲ್ಲರೂ ಅದರಲ್ಲಿ ಬರುತ್ತಾರೆ. ದರ್ಜೆ 2ರ ಜಾಕೆಟ್ಟಿನ ಜೊತೆ "ಇ" ದರ್ಜೆಯ (ಪ್ಯಾಂಟಿನಂಥ ಉಡುಪಿಗೆಂದೇ ಇರುವ ದರ್ಜೆ) ಪ್ಯಾಂಟ್ ತೊಟ್ಟರೆ ಒಟ್ಟು ದರ್ಜೆ 3 ಎಂಬ ಲೆಕ್ಕವೂ ಆನ್ಸಿಯಲ್ಲಿದೆ. ಇಂಥ ಉಡುಪಿಗೆ ಭಾರತೀಯ ಮಾನಕ ಸಂಸ್ಥೆಯ ಮಾನದಂಡ ಐಎಸ್ 15809.

ನನ್ನ ಅನುಭವದಲ್ಲಿ ಜಗಳ ಹುಟ್ಟುವುದು ಒಪ್ಪಂದದ ಒಂದೇ ಸಾಲಿನಿಂದ: "ಕೆಲಸಗಾರರಿಗೆ ರಿಫ್ಲೆಕ್ಟರ್ ಜಾಕೆಟ್ ಒದಗಿಸತಕ್ಕದ್ದು." ಯಾವ ಮಾನದಂಡ, ಯಾವ ದರ್ಜೆ, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬ ಮಾತೇ ಇಲ್ಲ. ಹಾಗೆ ಬರೆದರೆ ಬರುವುದು ಅತಿ ಅಗ್ಗದ್ದೇ. ಗುತ್ತಿಗೆದಾರರನ್ನು ದೂರುವುದಕ್ಕಿಂತ ಮೊದಲು ಆ ಸಾಲು ಬರೆದವರನ್ನು ಕೇಳಬೇಕು.

ಹೊಲಿಗೆ ಯಂತ್ರ

ಕೆಲಸದ ಉಡುಪು ಹೊಲಿಸುವ ಘಟಕದಲ್ಲಿ ಗುಣಮಟ್ಟ ನೋಡುವವಳು ನಾನು. ದರ್ಜೆ 3ನ್ನೇ ಕೊಂಡರೂ ಆರು ತಿಂಗಳ ಮೇಲೆ ಅದು ದರ್ಜೆ 3 ಆಗಿ ಉಳಿದಿದೆಯೇ ಎಂದು ಯಾರೂ ನೋಡುವುದಿಲ್ಲ.

ಚೀಟಿಯ ಮೇಲೆ ಎಷ್ಟು ಬಾರಿ ಒಗೆಯಬಹುದು ಎಂಬ ಅಂಕಿ ಇರುತ್ತದೆ. ಅದು ಅಲಂಕಾರಕ್ಕಲ್ಲ, ಅಷ್ಟು ಒಗೆತಗಳ ಮೇಲೆ ಪರೀಕ್ಷಿಸಿದ್ದೇವೆ ಎಂದರ್ಥ. ಒಗೆದಂತೆಲ್ಲ ಪಟ್ಟಿಯ ಮಣಿಗಳು ಉದುರುತ್ತವೆ. ಬ್ಲೀಚ್ ಹಾಕಿದರೆ ಬಣ್ಣ ಸಾಯುತ್ತದೆ. ಬಟ್ಟೆ ಮೆದುವಾಗಿಸುವ ದ್ರವ ಪಟ್ಟಿಯ ಮೇಲೆ ಪದರ ಕಟ್ಟುತ್ತದೆ. ಇಸ್ತ್ರಿಯನ್ನು ನೇರವಾಗಿ ಪಟ್ಟಿಯ ಮೇಲೆ ಇಟ್ಟರೆ ಕಥೆ ಮುಗಿಯಿತು. ಹಾಗೆಂದು ಒಗೆಯದೇ ಇರಲಾದೀತೇ? ಡಾಂಬರು, ಗ್ರೀಸ್, ಕೆಂಪು ಧೂಳು ಮೆತ್ತಿದ ಪಟ್ಟಿ ರಾತ್ರಿ ಕುರುಡು.

ಮಣಿಗಳು ತೆರೆದೇ ಇರುವ ಅಗ್ಗದ ಪಟ್ಟಿ ಮಳೆಯಲ್ಲಿ ನೆನೆದರೆ ಹೊಳಪು ಬಹಳ ಇಳಿಯುತ್ತದೆ. ಒಳ್ಳೆಯ ಪಟ್ಟಿಯನ್ನು ಒದ್ದೆಯಾಗಿಯೂ ಪರೀಕ್ಷಿಸಿರುತ್ತಾರೆ.

ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಜಾಕೆಟ್ಟನ್ನು ಕತ್ತಲಲ್ಲಿ ನೇತುಹಾಕಿ. ಪಕ್ಕದಲ್ಲಿ ಒಂದು ಹೊಸ ಜಾಕೆಟ್ ಇರಲಿ. ಹದಿನೈದು ಹೆಜ್ಜೆ ಹಿಂದೆ ಬಂದು, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಬೆಳಕು ಬಿಡಿ. ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ನಿಮ್ಮನ್ನೇ ಹೆದರಿಸುತ್ತದೆ. ಇದು ದರ್ಜೆ ಹೇಳುವ ಪರೀಕ್ಷೆಯಲ್ಲ. ಸತ್ತ ಪಟ್ಟಿಯನ್ನು ಹಿಡಿಯುವುದಕ್ಕೆ ಸಾಕು.

ಮತ್ತೆ, ಮುಂದಿನ ಗುಂಡಿ ಹಾಕದೆ ಬಿಡುವುದು! ವಿಸ್ತೀರ್ಣದ ಲೆಕ್ಕವೆಲ್ಲ ಮುಚ್ಚಿದ ಜಾಕೆಟ್ಟಿನದು. ಗಾಳಿಗೆ ಬಿಚ್ಚಿ ಹಾರಾಡುವುದಕ್ಕೆ ಯಾವ ದರ್ಜೆಯೂ ಇಲ್ಲ. ಬೆನ್ನ ಮೇಲೆ ಸಂಸ್ಥೆಯ ಹೆಸರನ್ನು ಅಂಗೈಯಗಲ ಅಕ್ಷರಗಳಲ್ಲಿ ಅಚ್ಚು ಹಾಕಿಸಿದರೂ ಅಷ್ಟು ಬಟ್ಟೆ ಲೆಕ್ಕದಿಂದ ಹೋಯಿತು.

ಹಳೆ ಡಾಂಬರು

ಹೊಲಿಗೆ ಯಂತ್ರದವರೇ, ನಮ್ಮವರು ಏಕೆ ಗುಂಡಿ ಬಿಚ್ಚುತ್ತಾರೆ ಗೊತ್ತೇ? ಡಾಂಬರು ಮಿಶ್ರಣ ಹರಡುವಾಗ 140, 150 ಡಿಗ್ರಿ ಇರುತ್ತದೆ. ಅದರ ಪಕ್ಕದಲ್ಲಿ ಬಿಸಿಲಿನಲ್ಲಿ ಪಾಲಿಯೆಸ್ಟರ್ ಹೊದ್ದು ನಿಂತು ನೋಡಿ. ಉದ್ದ ತೋಳು ಎಂದು ನಿಯಮ ಬರೆದವರು ಯಾರೂ ಡಾಂಬರು ಹರಡುವ ಪೇವರ್ ಯಂತ್ರದ ಹಿಂದೆ ಒಂದು ಮಧ್ಯಾಹ್ನ ಕಳೆದವರಲ್ಲ.

ಹೊಲಿಗೆ ಯಂತ್ರ

ಒಪ್ಪುತ್ತೇನೆ. ಅದಕ್ಕೇ ಬಿಸಿಯ ಕೆಲಸದವರಿಗೆ ಬಲೆ ಜಾಕೆಟ್ ಮೇಲೆ, ಪಟ್ಟಿ ಇರುವ ಪ್ಯಾಂಟ್ ಕೆಳಗೆ ಕೊಡಿ ಎನ್ನುತ್ತೇನೆ. ದರ್ಜೆಯೂ ಸಿಗುತ್ತದೆ, ತೋಳಿಗೆ ಗಾಳಿಯೂ ಸಿಗುತ್ತದೆ. ವೆಲ್ಡಿಂಗ್ ಕಿಡಿ ಹಾರುವ ಕಡೆ ಮಾತ್ರ ಸಾಮಾನ್ಯ ಪಾಲಿಯೆಸ್ಟರ್ ಬೇಡವೇ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ತಡೆಯುವ ಬಟ್ಟೆಯದು ಬೇರೆಯೇ ಸಿಗುತ್ತದೆ. ಯಂತ್ರಗಳ ಹತ್ತಿರ ಇರುವವರು ಎಳೆದರೆ ಭುಜ ಮತ್ತು ಪಕ್ಕೆಯಲ್ಲಿ ಬಿಟ್ಟುಕೊಳ್ಳುವ ಜಾಕೆಟ್ ಕೇಳಿ. ಸಿಕ್ಕಿಹಾಕಿಕೊಂಡರೆ ಜಾಕೆಟ್ ಹೋಗಲಿ, ಮನುಷ್ಯ ಉಳಿಯಲಿ.

ಅಳತೆಗೋಲು

ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ನಮ್ಮ ಜಾಕೆಟ್ಟಿನಲ್ಲಿ ಚೀಟಿಯೇನೋ ಇದೆ, ಆದರೆ ಅದರ ಮೇಲೆ ಅಳತೆ "ಎಲ್" ಎಂಬುದು ಬಿಟ್ಟು ಬೇರೇನೂ ಇಲ್ಲ. ಇನ್ನೊಂದು ಪ್ರಶ್ನೆ: ಹಳದಿಯೋ, ಕಿತ್ತಳೆಯೋ?

ಬೆಳಕಿನ ಪಾಠ

ಹಗಲಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು ಸುಮಾರು 555 ನ್ಯಾನೊಮೀಟರ್ ತರಂಗಾಂತರಕ್ಕೆ, ಅಂದರೆ ಹಳದಿ ಮಿಶ್ರಿತ ಹಸಿರಿಗೆ. ಹಾಗೆಂದು ಅದೇ ಗೆಲ್ಲುತ್ತದೆ ಎನ್ನಲಾಗದು. ಹಿಂದೆ ಹಸಿರು ಗಿಡಗಂಟಿ ಇದ್ದರೆ ಹಳದಿ ಅದರಲ್ಲಿ ಬೆರೆಯುತ್ತದೆ. ಸುತ್ತ ಕಿತ್ತಳೆ ಕೋನ್, ಕಿತ್ತಳೆ ಫಲಕ ಇದ್ದರೆ ಕಿತ್ತಳೆಯವನು ಇನ್ನೊಂದು ಕೋನ್ ಆಗುತ್ತಾನೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲಾಗದ ಗಂಡಸರು ಎಲ್ಲ ಕಡೆಯೂ ಇದ್ದಾರೆ, ಅವರಲ್ಲಿ ಕೆಲವರಿಗೆ ಕೆಂಪು ಕಪ್ಪಿನಂತೆ ಕಾಣುತ್ತದೆ. ನಿಮ್ಮ ಹಿನ್ನೆಲೆಗೆ ವಿರುದ್ಧವಾದದ್ದನ್ನು ಆರಿಸಿ. ರಾತ್ರಿಯ ಮಟ್ಟಿಗೆ ಈ ಚರ್ಚೆಯೇ ವ್ಯರ್ಥ, ಆಗ ಪಟ್ಟಿಯದೇ ರಾಜ್ಯಭಾರ.

ಕಿತ್ತಳೆಗೆ ಒಂದು ಹಳೆಯ ಕಥೆಯೂ ಇದೆ. 1964ರಲ್ಲಿ ಬ್ರಿಟಿಷ್ ರೈಲ್ವೆಯವರು ಗ್ಲಾಸ್ಗೊ ಬಳಿ ಹಳಿಯ ಕೆಲಸಗಾರರಿಗೆ ಹೊಳೆಯುವ ಕಿತ್ತಳೆ ಮೇಲಂಗಿ ತೊಡಿಸಿ ನೋಡಿದರು. ಅದಕ್ಕೆ ಮಿಂಚುಹುಳು ಜಾಕೆಟ್ ಎಂಬ ಹೆಸರು ಬಿತ್ತು. ಮೊದಲು ಹೆದರಿದ್ದು ರೈಲಿಗೆ, ರಸ್ತೆಗಲ್ಲ.

ಕಡತದ ಹುಳು

ಹೊಸದೊಂದು ತಲೆನೋವನ್ನೂ ಸೇರಿಸುತ್ತೇನೆ. ಈಗಿನ ಕಾರುಗಳು ಪಾದಚಾರಿಯನ್ನು ಕಂಡು ತಾವೇ ಬ್ರೇಕ್ ಹಾಕುತ್ತವಲ್ಲ? ಅಮೆರಿಕದ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೊಳೆಯುವ ಪಟ್ಟಿ ತೊಟ್ಟ ಗೊಂಬೆಯನ್ನು ರಾತ್ರಿ ಹೊತ್ತು ಕೆಲವು ಕಾರುಗಳು ಗುರುತಿಸದೆ ಗುದ್ದಿದವು. ಮನುಷ್ಯನ ಕಣ್ಣಿಗೆ ಅನುಕೂಲವಾದದ್ದು ಕ್ಯಾಮೆರಾವನ್ನು ಗಲಿಬಿಲಿಗೊಳಿಸಿತು. ಜಾಕೆಟ್ ಬಿಡಬೇಕು ಎಂದಲ್ಲ. ಕಾರು ನೋಡಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು.

ಹಳೆ ಡಾಂಬರು

ಸರಿ, ನನ್ನ ಕಡೆಯಿಂದಲೂ ಒಂದು ಒಪ್ಪಿಗೆ. ನಾನು ಕಂಡ ಕೆಟ್ಟ ಅಪಘಾತಗಳಲ್ಲಿ ಹೊರಗಿನ ವಾಹನಕ್ಕಿಂತ ನಮ್ಮದೇ ಟಿಪ್ಪರ್ ಮತ್ತು ರೋಲರ್‌ಗಳದ್ದು ಹೆಚ್ಚು. ಹಿಂದಕ್ಕೆ ಬರುವವನು ಕನ್ನಡಿಯಲ್ಲಿ ನೋಡುತ್ತಾನೆ. ಧೂಳು, ಹೊಗೆ, ಮುಸ್ಸಂಜೆ. ಅಲ್ಲಿ ಹೊಳೆಯುವ ಬಣ್ಣವೇ ಕಾಪಾಡಿದ್ದನ್ನು ನಾನೂ ನೋಡಿದ್ದೇನೆ. ಕೋನ್‌ಗಳ ಒಳಗೆ ಇದ್ದೇವೆ, ಜಾಕೆಟ್ ಬೇಡ ಎನ್ನುವ ಹುಡುಗರಿಗೆ ನಾನೇ ಬೈದಿದ್ದೇನೆ.

ಅಳತೆಗೋಲು, ನಿನ್ನ ಸಹಾಯಕನಿಗೆ ಮೊದಲು ಮಾಡಬೇಕಾದ ಕೆಲಸಕ್ಕೆ ಹಣ ಬೇಡ. ಉಪಕರಣವನ್ನು ಇನ್ನೊಂದು ತುದಿಗೆ ಒಯ್ದು ಅವನ ಮುಖ ವಾಹನಗಳ ಕಡೆಗೆ ಇರುವಂತೆ ನಿಲ್ಲಿಸು. ಆಗದ ಕಡೆ ನೋಡಿಕೊಳ್ಳಲು ಇನ್ನೊಬ್ಬನನ್ನು ಇಡು, ಸೀಟಿ ಕೊಡು.

ಅಳತೆಗೋಲು

ನಾಲ್ಕು ದಿನದ ಮೇಲೆ ವರದಿ. ಟಾರ್ಚ್ ಪರೀಕ್ಷೆಯನ್ನು ಮೇಸ್ತ್ರಿ ಮತ್ತು ಗುತ್ತಿಗೆದಾರರ ಕಡೆಯ ಎಂಜಿನಿಯರ್ ಎದುರಿಗೇ ಮಾಡಿದೆವು. ಹೊಸದಾಗಿ ತರಿಸಿದ ದರ್ಜೆ 2ರ ಜಾಕೆಟ್ಟಿನ ಪಕ್ಕದಲ್ಲಿ ನಮ್ಮದು ಒಗೆಯದ ಗೋಣಿಯಂತೆ ಕಂಡಿತು. ಎಂಜಿನಿಯರ್ ಏನೂ ಮಾತನಾಡದೆ ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಎರಡು ಸಲ ನೋಡಿದರು. ಕಾಲ್ನಡಿಗೆಯಲ್ಲಿ ಇರುವ ಹನ್ನೊಂದು ಜನರಿಗೆ ಚೀಟಿ ಇರುವ ಜಾಕೆಟ್ ಮತ್ತು ಪಟ್ಟಿ ಇರುವ ಪ್ಯಾಂಟ್ ಬರುತ್ತಿವೆ. ಅವು ಬರುವವರೆಗೆ ರಾತ್ರಿ ಲೆವೆಲ್ ಕೆಲಸ ನಿಲ್ಲಿಸಿದ್ದೇವೆ. ಸಹಾಯಕ ಈಗ ವಾಹನಗಳಿಗೆ ಎದುರಾಗಿ ನಿಲ್ಲುತ್ತಾನೆ.

ಮಳೆ ಬಂದರೆ ಜಾಕೆಟ್ಟಿನ ಮೇಲೆ ಸಾದಾ ರೇನ್‌ಕೋಟ್ ಹಾಕಬಹುದೇ?

ಮೂರನೇ ಪಾಳಿ

ಬೇಡ. ಎಲ್ಲಕ್ಕಿಂತ ಹೊರಗೆ ಇರುವುದೇ ಲೆಕ್ಕಕ್ಕೆ ಬರುವ ಬಟ್ಟೆ. ರೇನ್‌ಕೋಟಿಗೇ ದರ್ಜೆ ಇರಬೇಕು, ಇಲ್ಲದಿದ್ದರೆ ಅದರ ಮೇಲೆ ಜಾಕೆಟ್ ತೊಡುವಷ್ಟು ದೊಡ್ಡ ಅಳತೆಯದನ್ನು ತರಿಸಿ. ಬೆನ್ನ ಚೀಲಕ್ಕೂ ಇದೇ ಮಾತು, ಹಿಂದಿನ ಪಟ್ಟಿಗಳನ್ನು ಅದು ಪೂರ್ತಿ ನುಂಗುತ್ತದೆ.

ಹಳೆ ಡಾಂಬರು

ಹೊಸ ಪ್ಯಾಂಟ್ ಬಂದ ಮೇಲೆ ಅದನ್ನು ಗಮ್‌ಬೂಟಿನೊಳಗೆ ತುರುಕಬೇಡಿ ಎಂದು ಹುಡುಗರಿಗೆ ಹೇಳು. ಕೆಳಗಿನ ಪಟ್ಟಿ ಬೂಟಿನೊಳಗೆ ಹೋಗುತ್ತದೆ. ನಮ್ಮವರು ಮೊದಲ ದಿನವೇ ಅದನ್ನು ಮಾಡಿದ್ದರು.